ಕಡಲ ಬಿರುಗೂದಲ ಹುಳುಗಳನ್ನು ಗುರುತಿಸುವುದು: ಸಂಗ್ರಹದಿಂದ ಪ್ರಭೇದದ ಹೆಸರಿನವರೆಗೆ ಸಮಗ್ರ ಮಾರ್ಗದರ್ಶಿ

ಬಿರುಗೂದಲ ಹುಳು, ಅಂದರೆ ಪಾಲಿಕೀಟ್, ಬಾಟಲಿಗೆ ಬೀಳುವ ಹೊತ್ತಿಗೇ ಅದರ ಗುರುತಿನ ಭವಿಷ್ಯ ಅರ್ಧ ನಿರ್ಧಾರವಾಗಿರುತ್ತದೆ. ಮೈ ಮುದುಡಿ, ತಲೆಯ ಸ್ಪರ್ಶಕಗಳು ಉದುರಿ, ಬಾಲ ತುಂಡಾದ ಹುಳುವನ್ನು ಎಷ್ಟೇ ಒಳ್ಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟರೂ ಅದು ಕುಟುಂಬದ ಮಟ್ಟದಿಂದ ಮುಂದೆ ಹೋಗುವುದು ಕಷ್ಟ. ಹಾಗಾಗಿ ಈ ಮಾರ್ಗದರ್ಶಿ ಕೀಲಿ ಪಟ್ಟಿಯಿಂದ (ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತ ಹೆಸರಿಗೆ ತಲುಪಿಸುವ ಪ್ರಶ್ನೆಗಳ ಪಟ್ಟಿ) ಶುರುವಾಗದೆ ಹುಳು ಕೈಗೆ ಬರುವ ಕ್ಷಣದಿಂದ ಶುರುವಾಗುತ್ತದೆ.

ಮೊದಲು ಚೌಕಟ್ಟು: ಯಾವ ವರ್ಗೀಕರಣ ನಂಬಬೇಕು?

ಪಾಲಿಕೀಟ್‌ಗಳಲ್ಲಿ ಒಪ್ಪಿತ ಪ್ರಭೇದಗಳು 11,000ಕ್ಕೂ ಹೆಚ್ಚು, ಕುಟುಂಬಗಳು 80ಕ್ಕೂ ಹೆಚ್ಚು. ಹಳೆಯ ಪಠ್ಯಗಳಲ್ಲಿ ಇವು ಅನೆಲಿಡಾ ವಂಶದ ಪಾಲಿಕೀಟಾ ವರ್ಗದಲ್ಲಿ ಬರುತ್ತವೆ. ಅದರೊಳಗೆ ಓಡಾಡುವವು ಎರಾಂಟಿಯಾ, ಒಂದೆಡೆ ನೆಲೆಸುವವು ಸೆಡೆಂಟೇರಿಯಾ. 1997ರಲ್ಲಿ ರೌಸ್ ಮತ್ತು ಫೌಕಾಲ್ಡ್ ದೇಹರಚನೆಯ ಲಕ್ಷಣಗಳನ್ನು ಆಧರಿಸಿ ಮಾಡಿದ ವಿಶ್ಲೇಷಣೆ ಆ ವಿಭಜನೆಯನ್ನು ಬದಿಗಿಟ್ಟು ಸ್ಕೋಲೆಸಿಡಾ, ಅಸಿಕ್ಯುಲೇಟಾ, ಕೆನಾಲಿಪಾಲ್ಪೇಟಾ ಎಂಬ ಗುಂಪುಗಳನ್ನು ಮುಂದಿಟ್ಟಿತು. 2011ರಲ್ಲಿ ಬಂದ ನೂರಾರು ಜೀನ್‌ಗಳ ಅಧ್ಯಯನ ಎರಾಂಟಿಯಾ ಮತ್ತು ಸೆಡೆಂಟೇರಿಯಾಗಳನ್ನು ಹೊಸ ಅರ್ಥದಲ್ಲಿ ಮರಳಿ ತಂದಿತು. ಆಮೇಲಿನ ಅಧ್ಯಯನಗಳಲ್ಲಿ ಈ ಎರಡರಿಂದಲೂ ಹೊರಗೆ, ವಂಶವೃಕ್ಷದ ಬುಡದಲ್ಲಿ ಓವೆನಿಡೆ, ಮೆಗೆಲೊನಿಡೆ, ಕೀಟೊಪ್ಟೆರಿಡೆ, ಆಂಫಿನೊಮಿಡಾ ಎಂಬ ಗುಂಪುಗಳು ನಿಂತವು. ಎರೆಹುಳು ಮತ್ತು ಜಿಗಣೆಗಳ ಗುಂಪು ಸೆಡೆಂಟೇರಿಯಾದ ಒಳಗೇ ಬಂದು ಕೂತಿತು.

ಇದರಿಂದ ನಿಮ್ಮ ಮೇಜಿನ ಮೇಲಿನ ಕೆಲಸಕ್ಕೆ ಆಗುವ ವ್ಯತ್ಯಾಸ ಇಷ್ಟೇ: ಪಾಲಿಕೀಟ್ ಎಂಬುದು ಒಂದೇ ಪೂರ್ವಜನ ಎಲ್ಲ ಸಂತತಿಯನ್ನೂ ಒಳಗೊಂಡ ಗುಂಪಲ್ಲ, ಬಳಕೆಯ ಅನುಕೂಲಕ್ಕೆ ಉಳಿದಿರುವ ಹೆಸರು. ಗಣದ (ಆರ್ಡರ್) ಮಟ್ಟದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಗಣಗಳು ಆಗಾಗ ಬದಲಾಗುತ್ತವೆ, ಕುಟುಂಬಗಳು ಬಹುಮಟ್ಟಿಗೆ ಗಟ್ಟಿಯಾಗಿ ನಿಂತಿವೆ. ಗುರುತಿಸುವ ಕೆಲಸವೆಲ್ಲ ಕುಟುಂಬದಿಂದ ಆರಂಭ. ಹೆಸರು ಈಗ ಊರ್ಜಿತವೇ ಎಂದು ನೋಡಲು ವರ್ಮ್ಸ್ ಎಂಬ ಆನ್‌ಲೈನ್ ಸಾಗರ ಜೀವಿ ನೋಂದಣಿ ಸಾಕು.

ಹಂತ 1: ಜರಡಿ ಹಿಡಿಯುವುದು

ಕೆಸರು ಮತ್ತು ಮರಳಿನ ಹುಳುಗಳಿಗೆ 0.5 ಮಿ.ಮೀ. ಕಣ್ಣಿನ ಜರಡಿ ಬಳಸಿ. 1 ಮಿ.ಮೀ. ಜರಡಿಯಲ್ಲಿ ಸ್ಪಿಯೊನಿಡೆ, ಸಿಲಿಡೆ, ಕ್ಯಾಪಿಟೆಲಿಡೆ ಕುಟುಂಬಗಳ ಎಳೆಯ ಹುಳುಗಳು ಬಹಳಷ್ಟು ಸೋರಿಹೋಗುತ್ತವೆ. ಪೈಪಿನಿಂದ ನೀರನ್ನು ರಭಸವಾಗಿ ಬಿಡಬೇಡಿ; ಜರಡಿಯನ್ನು ಸಮುದ್ರದ ನೀರು ತುಂಬಿದ ತೊಟ್ಟಿಯಲ್ಲಿ ಮುಳುಗಿಸಿ ಮೆಲ್ಲಗೆ ತಿರುಗಿಸಿ. ರಭಸದ ನೀರಿಗೆ ಮೊದಲು ಹೋಗುವುದು ಕಿವಿರು ಮತ್ತು ಶಲ್ಕಗಳು, ಅಂದರೆ ಗುರುತಿಗೆ ಬೇಕಾದ ಭಾಗಗಳೇ. ಹವಳದ ಚೂರು ಅಥವಾ ಕಲ್ಲಿನಲ್ಲಿ ಅಡಗಿದವನ್ನು ಹೊರಡಿಸಲು ಚೂರುಗಳನ್ನು ಸಮುದ್ರದ ನೀರಿನ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಡಿ. ನೀರಿನ ಆಮ್ಲಜನಕ ಇಳಿದಂತೆ ಹುಳುಗಳು ತಾವಾಗಿ ಹೊರಬರುತ್ತವೆ. ಒಡೆದು ಎಳೆದರೆ ಸಿಗುವುದು ತುಂಡುಗಳು ಮಾತ್ರ.

ಗೊಂಚಲಾಗಿ ಬಿಳಿ ಬಿರುಗೂದಲಿರುವ ಆಂಫಿನೊಮಿಡೆ ಕುಟುಂಬದ ಬೆಂಕಿಹುಳುಗಳನ್ನು ಬರಿಗೈಲಿ ಮುಟ್ಟಬೇಡಿ. ಅವುಗಳ ಬಿರುಗೂದಲು ಸುಣ್ಣದ ಅಂಶದಿಂದ ಪೆಡಸಾಗಿ, ಚರ್ಮಕ್ಕೆ ಹೊಕ್ಕ ಕೂಡಲೇ ಮುರಿದು ಒಳಗೇ ಉಳಿದು ಉರಿ ಹತ್ತಿಸುತ್ತದೆ. ಚಿಮಟ ಬಳಸಿ.

ಹಂತ 2: ಮಂಪರು, ಆಮೇಲೆ ಫಾರ್ಮಲಿನ್

ಈ ಹಂತವನ್ನು ಹಾರಿಸುವವರೇ ಹೆಚ್ಚು, ಮುಂದೆ ಪರದಾಡುವವರೂ ಅವರೇ. ಜೀವಂತ ಹುಳುವನ್ನು ನೇರವಾಗಿ ಫಾರ್ಮಲಿನ್‌ಗೆ ಹಾಕಿದರೆ ಸುರುಳಿ ಸುತ್ತಿಕೊಳ್ಳುತ್ತದೆ, ಎಷ್ಟೋ ಸಲ ತನ್ನನ್ನೇ ತುಂಡರಿಸಿಕೊಳ್ಳುತ್ತದೆ. ಸ್ಪಿಯೊನಿಡೆಗಳು ಉದ್ದನೆಯ ಸ್ಪರ್ಶಕಗಳನ್ನು ಉದುರಿಸುತ್ತವೆ, ಪಾಲಿನೊಯಿಡೆಗಳು ಶಲ್ಕಗಳನ್ನು.

ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 75 ಗ್ರಾಂ ಹರಳಿನ ಮೆಗ್ನೀಸಿಯಂ ಕ್ಲೋರೈಡ್ ಕರಗಿಸಿ. ಆರು ನೀರಿನ ಅಣುಗಳಿರುವ ಹೆಕ್ಸಾಹೈಡ್ರೇಟ್ ರೂಪಕ್ಕೆ ಈ ಅಳತೆ. ಈ ದ್ರಾವಣ ಉಪ್ಪಿನ ಒತ್ತಡದಲ್ಲಿ ಸಮುದ್ರದ ನೀರಿಗೆ ಸರಿಸುಮಾರು ಸಮ, ಆದ್ದರಿಂದ ಹುಳು ಊದುವುದಿಲ್ಲ, ಸೊರಗುವುದಿಲ್ಲ. ಹುಳು ಇರುವ ಸಮುದ್ರದ ನೀರಿಗೆ ಇದನ್ನು ಸಮಪಾಲು ಬೆರೆಸಿ. 10ರಿಂದ 30 ನಿಮಿಷ ಸಾಕಾಗುತ್ತದೆ. ದಪ್ಪ ಹುಳುಗಳಿಗೆ ಇನ್ನೂ ಹೆಚ್ಚು ಬೇಕು. ಬ್ರಷ್ಷಿನ ತುದಿಯಿಂದ ತಲೆ ಮುಟ್ಟಿದಾಗ ಅಲುಗದಿದ್ದರೆ ಸಿದ್ಧ. ಬರೀ ಸಿಹಿನೀರಿನಲ್ಲಿ ಮಂಪರು ಬರಿಸುವ ಅಡ್ಡದಾರಿ ಬೇಡ, ಜೀವಕೋಶ ಊದಿ ಮೇಲಿನ ಪೊರೆ ಕಿತ್ತುಬರುತ್ತದೆ.

ಮಂಪರಿನಲ್ಲಿರುವಾಗಲೇ ಫೋಟೊ ತೆಗೆಯಿರಿ. ತಲೆಯ ಮೇಲ್ಭಾಗ, ತಳಭಾಗ, ಮಧ್ಯದ ಖಂಡಗಳು, ಬಾಲ, ಈ ನಾಲ್ಕು ಬೇಕೇಬೇಕು. ಆಲ್ಕೊಹಾಲ್‌ನಲ್ಲಿ ಬಹುತೇಕ ಬಣ್ಣಗಳು ಕರಗಿಹೋಗುತ್ತವೆ, ಫಿಲ್ಲೊಡೊಸಿಡೆಗಳ ಹಸಿರು ಹಳದಿಯಂತೂ ಮೊದಲು. ಕೆಲವು ಕುಟುಂಬಗಳಲ್ಲಿ ಕಣ್ಣಿನ ಚುಕ್ಕೆಯೂ ಮಾಸುತ್ತದೆ.

ಡಿಎನ್‌ಎ ಬೇಕಿದ್ದರೆ ಈಗಲೇ, ಫಾರ್ಮಲಿನ್ ಸೋಕುವ ಮೊದಲು, ದೇಹದ ಹಿಂಭಾಗದಿಂದ ಕೆಲವು ಖಂಡ ಅಥವಾ ಒಂದು ಬದಿಯ ಕೆಲವು ಪ್ಯಾರಾಪೋಡಿಯಾ (ಪಕ್ಕದ ಮೆದು ಕಾಲುಗಳು) ಕತ್ತರಿಸಿ 95% ಅಥವಾ ಅದಕ್ಕೂ ಗಾಢವಾದ ಎಥೆನಾಲ್‌ಗೆ ಹಾಕಿ, ಮರುದಿನ ಎಥೆನಾಲ್ ಬದಲಿಸಿ. ಮಧ್ಯಭಾಗ ಕತ್ತರಿಸಿದರೆ ಕರುಳಿನಲ್ಲಿರುವ ಬೇಟೆಯ ಡಿಎನ್‌ಎ ಬೆರೆಯುತ್ತದೆ. ಬಾಲದ ತುದಿಯ ಪಿಜಿಡಿಯಂ ಗುರುತಿಗೆ ಬೇಕಾಗುವ ಮಾಲ್ಡೇನಿಡೆಯಂಥ ಕುಟುಂಬಗಳಲ್ಲಿ ಬಾಲ ಮುಟ್ಟಬೇಡಿ.

ಉಳಿದ ದೇಹಕ್ಕೆ ಒಂದು ಪಾಲು ಗಾಢ ಫಾರ್ಮಲಿನ್, ಒಂಬತ್ತು ಪಾಲು ಸಮುದ್ರದ ನೀರು. ಗಾಢ ಫಾರ್ಮಲಿನ್‌ಗೆ ಮೊದಲೇ ಬೊರಾಕ್ಸ್ ಹಾಕಿಡಿ, ತಳದಲ್ಲಿ ಕರಗದ ಪುಡಿ ಸ್ವಲ್ಪ ಉಳಿಯುವಷ್ಟು. ಬೊರಾಕ್ಸ್ ಇಲ್ಲದ ಫಾರ್ಮಲಿನ್ ಕ್ರಮೇಣ ಆಮ್ಲವಾಗಿ ಸರ್ಪುಲಿಡೆಯ ಸುಣ್ಣದ ಕೊಳವೆಯನ್ನೂ ಬೆಂಕಿಹುಳುವಿನ ಬಿರುಗೂದಲನ್ನೂ ಕರಗಿಸುತ್ತದೆ. 24ರಿಂದ 48 ಗಂಟೆ ಇಟ್ಟು, ಸಿಹಿನೀರಿನಲ್ಲಿ ಎರಡು ಮೂರು ಬಾರಿ ತೊಳೆದು, 70ರಿಂದ 80% ಎಥೆನಾಲ್‌ಗೆ ಸಾಗಿಸಿ. ಫಾರ್ಮಲ್ಡಿಹೈಡ್ ಕ್ಯಾನ್ಸರ್‌ಕಾರಕ: ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದೆ ಮುಚ್ಚಳ ತೆರೆಯಬೇಡಿ.

ಹಂತ 3: ಎಣಿಕೆಯ ಲೆಕ್ಕ ಸರಿಮಾಡಿಕೊಳ್ಳುವುದು

ತಲೆಯ ಮುಂತುದಿ ಪ್ರೊಸ್ಟೋಮಿಯಂ: ಕಣ್ಣು, ಆಂಟೆನಾ, ಪಾಲ್ಪ್ (ಜೋಡಿ ಸ್ಪರ್ಶಕ) ಇರುವುದು ಇಲ್ಲಿ. ಬಾಯಿ ಸುತ್ತಲಿನದು ಪೆರಿಸ್ಟೋಮಿಯಂ. ಆಮೇಲೆ ಖಂಡಗಳ ಸಾಲು, ಪ್ರತಿಯೊಂದರ ಇಕ್ಕೆಲಗಳಲ್ಲಿ ಪ್ಯಾರಾಪೋಡಿಯಾ ಎಂಬ ಮೆದು ಕಾಲುಗಳು. ಕಾಲಿನ ಮೇಲಿನ ಕವಲು ನೋಟೊಪೋಡಿಯಂ, ಕೆಳಗಿನದು ನ್ಯೂರೊಪೋಡಿಯಂ. ಕವಲಿನೊಳಗೆ ಆಧಾರಕ್ಕೆ ನಿಂತ ದಪ್ಪ ಸೂಜಿ ಅಸಿಕ್ಯುಲಂ, ಹೊರಗೆ ಚಾಚಿದ್ದು ಬಿರುಗೂದಲು.

ಹೊಸಬರಿಂದ ಆಗುವ ತಪ್ಪುಗಳಲ್ಲಿ ದೊಡ್ಡದು ಖಂಡ ಮತ್ತು ಕೀಟಿಜರ್‌ಗಳನ್ನು ಒಂದೇ ಎಂದುಕೊಳ್ಳುವುದು. ಕೀಟಿಜರ್ ಎಂದರೆ ಬಿರುಗೂದಲು ಇರುವ ಖಂಡ ಮಾತ್ರ. ಎಷ್ಟೋ ಕುಟುಂಬಗಳಲ್ಲಿ ಮೊದಲ ಖಂಡಕ್ಕೆ ಬಿರುಗೂದಲೇ ಇರುವುದಿಲ್ಲ, ಹಾಗಾದಾಗ 5ನೇ ಕೀಟಿಜರ್ ನಿಜಕ್ಕೂ 6ನೇ ಖಂಡ. ಕೀಲಿ ಪಟ್ಟಿ ಯಾವುದನ್ನು ಎಣಿಸುತ್ತಿದೆ ಎಂದು ಮೊದಲೇ ನೋಡಿಕೊಳ್ಳಿ. ಪಾಲಿನೊಯಿಡೆಯ ಶಲ್ಕಗಳ ಜಾಗವನ್ನು ಖಂಡದ ಲೆಕ್ಕದಲ್ಲಿ ಹೇಳುವುದು ರೂಢಿ, ಸ್ಪಿಯೊನಿಡೆಯ ಕೊಕ್ಕೆಗಳನ್ನು ಕೀಟಿಜರ್ ಲೆಕ್ಕದಲ್ಲಿ.

ಅಳತೆಗೆ ಹುಳುವಿನ ಪೂರ್ತಿ ಉದ್ದ ನಂಬಬೇಡಿ, ಬಾಲ ತುಂಡಾಗಿರುವುದೇ ಹೆಚ್ಚು. ಮೊದಲ ಹತ್ತು ಕೀಟಿಜರ್‌ಗಳವರೆಗಿನ ಉದ್ದ, 10ನೇ ಕೀಟಿಜರ್‌ನಲ್ಲಿ ಅಗಲ, ಪ್ಯಾರಾಪೋಡಿಯಾ ಸೇರಿಸಿ ಅಳೆದದ್ದೋ ಬಿಟ್ಟೋ ಎಂಬುದು, ಇಷ್ಟು ಬರೆದಿಡಿ. ಮಾದರಿಯಲ್ಲಿ ಎಷ್ಟು ಹುಳುಗಳಿವೆ ಎಂದು ಲೆಕ್ಕ ಹಾಕುವಾಗ ತಲೆಗಳನ್ನು ಮಾತ್ರ ಎಣಿಸಿ.

ಹಂತ 4: ಕುಟುಂಬಕ್ಕೆ ಇಳಿಸುವುದು

10ರಿಂದ 40 ಪಟ್ಟು ಹಿಗ್ಗಿಸುವ ಸ್ಟೀರಿಯೊ ಸೂಕ್ಷ್ಮದರ್ಶಕ ಸಾಕು. ಕೀಲಿ ಪಟ್ಟಿ ತೆರೆಯುವ ಮೊದಲು ಕೆಳಗಿನ ಕ್ರಮದಲ್ಲಿ ನೋಡಿದರೆ ಸಾಮಾನ್ಯ ಕುಟುಂಬಗಳಲ್ಲಿ ಹೆಚ್ಚಿನವು ಬೇರ್ಪಡುತ್ತವೆ.

ಬೆನ್ನ ಮೇಲೆ ಶಲ್ಕಗಳಿವೆಯೇ? ಶಲ್ಕ ಉದುರಿದ್ದರೆ ಅದು ಕೂತಿದ್ದ ದುಂಡು ಗುಬುಟು ಹುಡುಕಿ. ಗುಬುಟು ಇರುವ ಖಂಡದಲ್ಲಿ ಬೆನ್ನಿನ ಸಿರಸ್ ಎಂಬ ಎಳೆ ಇರುವುದಿಲ್ಲ. 2, 4, 5, 7, ಆಮೇಲೆ ಬೆಸ ಸಂಖ್ಯೆಯ ಖಂಡಗಳಲ್ಲಿ ಶಲ್ಕ ಬರುವುದು ಈ ಗುಂಪಿನ ಮಾದರಿ. ನ್ಯೂರೊಪೋಡಿಯಂನ ಬಿರುಗೂದಲು ಒಂದೇ ತುಂಡಾಗಿದ್ದರೆ ಪಾಲಿನೊಯಿಡೆ, ಕೀಲಿನಿಂದ ಜೋಡಿಸಿದಂತಿದ್ದರೆ ಸಿಗಾಲಿಯೊನಿಡೆ. ಶಲ್ಕಗಳನ್ನು ಕೂದಲಿನಂಥ ಹೊದಿಕೆ ಮುಚ್ಚಿದ್ದು ಮೈ ಅಗಲವಾಗಿದ್ದರೆ ಅಫ್ರೊಡಿಟಿಡೆ ಇರಬಹುದು.

ಶಲ್ಕವಿಲ್ಲದೆ, ತಲೆಯ ಹಿಂದೆ ಮಡಿಕೆಮಡಿಕೆಯ ದಿಂಡು ಇದ್ದರೆ ಆಂಫಿನೊಮಿಡೆ. ಬೆನ್ನಿನ ಸಿರಸ್ ಎಲೆಯಂತೆ ಚಪ್ಪಟೆಯಾಗಿದ್ದರೆ ಫಿಲ್ಲೊಡೊಸಿಡೆ. ಪುಟ್ಟ ಹುಳುವಿನ ಮೈಯ ಮೂಲಕ ಪೀಪಾಯಿಯಾಕಾರದ ಸ್ನಾಯುಭರಿತ ಅನ್ನನಾಳದ ಭಾಗ ಕಂಡರೆ ಸಿಲಿಡೆ. ತಲೆ ಉಂಗುರ ಉಂಗುರವಾಗಿ ಮೊನಚಾಗಿದ್ದು, ಹೊರಚಾಚಿದ ಗಂಟಲಿನ ತುದಿಯಲ್ಲಿ ನಾಲ್ಕು ಕೊಕ್ಕೆ ದವಡೆ ಇದ್ದರೆ ಗ್ಲಿಸೆರಿಡೆ. ಅಂಥದೇ ತಲೆ ಇದ್ದೂ ದವಡೆ ಅನೇಕ ಸಣ್ಣ ತುಣುಕುಗಳಾಗಿದ್ದರೆ ಗೊನಿಯಾಡಿಡೆ. ಕಾಲಿನ ಎರಡು ಕವಲುಗಳ ನಡುವೆ ಬಾಗಿದ ಕಿವಿರು ತೂಗಿದ್ದರೆ ನೆಫ್ಟಿಯಿಡೆ.

ಗಂಟಲಿನೊಳಗೆ ಹಲವು ಜೋಡಿ ಕಪ್ಪು ದವಡೆಗಳ ಸಂಕೀರ್ಣ ಇದ್ದರೆ ಯೂನಿಸಿಡಾ ಗಣ. ತಲೆಯಲ್ಲಿ ಸ್ಪರ್ಶಕಗಳಿದ್ದು ಅವುಗಳ ಬುಡ ಉದ್ದನೆಯ ಉಂಗುರಗಳಾಗಿದ್ದರೆ ಒನುಫಿಡೆ, ಇಲ್ಲದಿದ್ದರೆ ಯೂನಿಸಿಡೆ. ತಲೆ ಬೋಳಾಗಿದ್ದರೆ ಬಿರುಗೂದಲು ನೋಡಿ: ಮುಸುಕು ಹೊದ್ದ ಕೊಕ್ಕೆಗಳಿದ್ದರೆ ಲುಂಬ್ರಿನೆರಿಡೆ, ಬರೀ ಅಂಚುಪಟ್ಟಿಯ ಚೂಪು ಬಿರುಗೂದಲಿದ್ದರೆ ಒಯಿನೊನಿಡೆ.

ಇನ್ನು ನೆಲೆಸುವ ಹುಳುಗಳು. ತಲೆಯಿಂದ ಎರಡೇ ಉದ್ದ ಪಾಲ್ಪ್‌ಗಳು, ಕೆಳಗೆ ಮುಸುಕಿನ ಕೊಕ್ಕೆ: ಸ್ಪಿಯೊನಿಡೆ. ಬಾಯಿಯ ಸುತ್ತ ಬಹಳಷ್ಟು ಎಳೆಗಳಿದ್ದು ಬಾಯೊಳಗೆ ಸೇರುವಂಥವಾದರೆ ಆಂಫರೆಟಿಡೆ, ಹೊರಗೇ ಉಳಿಯುವಂಥವಾದರೆ ಟೆರೆಬೆಲ್ಲಿಡೆ. ಬೀಸಣಿಗೆಯಂಥ ಕಿರೀಟ, ಸುಣ್ಣದ ಕೊಳವೆ, ಸಾಮಾನ್ಯವಾಗಿ ಮುಚ್ಚಳವೂ ಇದ್ದರೆ ಸರ್ಪುಲಿಡೆ. ಕಿರೀಟವಿದ್ದು ಕೊಳವೆ ಕೆಸರು ಮತ್ತು ಲೋಳೆಯದಾದರೆ ಸಬೆಲ್ಲಿಡೆ. ಮರಳಿನ ಕಣ ಅಂಟಿಸಿದ ಶಂಕುವಿನಾಕಾರದ ಕೊಳವೆ, ಹೊನ್ನಿನ ಬಣ್ಣದ ಬಿರುಗೂದಲ ಸಾಲು: ಪೆಕ್ಟಿನೇರಿಡೆ.

ಟೆರೆಬೆಲ್ಲಿಡೆ, ಮಾಲ್ಡೇನಿಡೆ, ಕ್ಯಾಪಿಟೆಲಿಡೆಗಳಲ್ಲಿ ಮೈಮೇಲೆ ಏನೂ ಕಾಣದಂತಿದ್ದರೆ ಎಥೆನಾಲ್‌ನಲ್ಲಿ ಗಾಢವಾಗಿ ಕರಗಿಸಿದ ಮೀಥೈಲ್ ಗ್ರೀನ್‌ನಲ್ಲಿ ಒಂದೆರಡು ನಿಮಿಷ ಅದ್ದಿ, ಶುದ್ಧ ಎಥೆನಾಲ್‌ನಲ್ಲಿ ತೊಳೆಯಿರಿ. ಗ್ರಂಥಿಗಳಿರುವಲ್ಲಿ ಮಾತ್ರ ಬಣ್ಣ ನಿಂತು ಖಂಡಗಳ ಗಡಿ ಎದ್ದು ಕಾಣುತ್ತದೆ. ಬಣ್ಣದ ವಿನ್ಯಾಸ ಎಷ್ಟೋ ಪ್ರಭೇದಗಳಿಗೆ ವಿಶಿಷ್ಟವೂ ಹೌದು. ಬಣ್ಣ ಕ್ರಮೇಣ ಬಿಟ್ಟುಹೋಗುವುದರಿಂದ ಮಾದರಿಗೆ ಹಾನಿಯಿಲ್ಲ, ಆದರೆ ಫೋಟೊ ಅಷ್ಟರೊಳಗೆ ತೆಗೆಯಬೇಕು.

ಹಂತ 5: ಜಾತಿಗೆ ಇಳಿಯುವುದು, ನೆರೀಡಿಡೆಯ ಮೂಲಕ

ಕುಟುಂಬದಿಂದ ಜಾತಿಗೆ (ಜೀನಸ್) ಹೋಗುವ ದಾರಿ ಪ್ರತಿ ಕುಟುಂಬದಲ್ಲೂ ಬೇರೆ. ಒಂದನ್ನು ಪೂರ್ತಿ ಮಾಡಿ ಕಲಿತರೆ ಉಳಿದವು ಹತ್ತಿರವಾಗುತ್ತವೆ. ನೆರೀಡಿಡೆ ಅದಕ್ಕೆ ಒಳ್ಳೆಯದು: ಎಲ್ಲ ಕಡಲ ತೀರಗಳಲ್ಲೂ ಸಿಗುತ್ತದೆ, ಲಕ್ಷಣಗಳು ದೊಡ್ಡವು. ಎರಡು ಆಂಟೆನಾ, ಎರಡು ಭಾಗದ ದಪ್ಪ ಪಾಲ್ಪ್‌ಗಳು, ನಾಲ್ಕು ಕಣ್ಣು, ತಲೆಯ ಪಕ್ಕ ಸಾಮಾನ್ಯವಾಗಿ ನಾಲ್ಕು ಜೋಡಿ ಸಿರಸ್, ಗಂಟಲಿನಲ್ಲಿ ಒಂದು ಜೋಡಿ ದವಡೆ.

ಗಂಟಲು ಹೊರಚಾಚಿದ್ದರೆ ಅದೃಷ್ಟ. ಚಾಚಿಲ್ಲದಿದ್ದರೆ ಹೊಟ್ಟೆಯ ಕಡೆಯಿಂದ, ನಡುಗೆರೆಯಿಂದ ಕೊಂಚ ಪಕ್ಕಕ್ಕೆ, ಬಾಯಿಯಿಂದ ಹಿಂದಕ್ಕೆ ಸಣ್ಣ ಕತ್ತರಿಯಿಂದ ಸೀಳಿ ಬಿಡಿಸಿ. ನಡುಗೆರೆಯಲ್ಲೇ ಸೀಳಿದರೆ ಅಲ್ಲಿರುವ 3 ಮತ್ತು 7ನೇ ವಲಯಗಳ ಹಲ್ಲುಕಣಗಳು ಎರಡು ಪಾಲಾಗಿ ಎಣಿಕೆ ಕೆಡುತ್ತದೆ.

ಗಂಟಲಿಗೆ ಎರಡು ಉಂಗುರ: ದವಡೆಯ ಹತ್ತಿರದ್ದು ಮತ್ತು ಬಾಯಿಯ ಹತ್ತಿರದ್ದು. ದವಡೆಯ ಉಂಗುರದಲ್ಲಿ 1ರಿಂದ 4, ಬಾಯಿಯ ಉಂಗುರದಲ್ಲಿ 5ರಿಂದ 8ನೇ ವಲಯಗಳು. ಗ್ರಂಥಗಳಲ್ಲಿ ಇವನ್ನು ರೋಮನ್ ಅಂಕಿಗಳಲ್ಲಿ ಬರೆಯುತ್ತಾರೆ. 1 ಮತ್ತು 5 ಬೆನ್ನಿನ ನಡುವೆ, 3 ಮತ್ತು 7 ಹೊಟ್ಟೆಯ ನಡುವೆ, ಉಳಿದವು ಜೋಡಿಯಾಗಿ ಪಕ್ಕಗಳಲ್ಲಿ. ಪ್ರತಿ ವಲಯದಲ್ಲಿ ಪ್ಯಾರಾಗ್ನಾತ್ ಎಂಬ ಗಡುಸು ಕಣಗಳು ಎಷ್ಟು, ಯಾವ ಆಕಾರ ಎಂದು ಚಿತ್ರ ಬರೆದುಕೊಳ್ಳಿ. 6ನೇ ವಲಯದಲ್ಲಿ ಶಂಕುಗಳ ಬದಲು ಅಡ್ಡಪಟ್ಟಿ ಇದ್ದರೆ ಪೆರಿನೆರಿಸ್. ಕಣಗಳು ಸಣ್ಣ ಕಡ್ಡಿಗಳಾಗಿ ಬಾಚಣಿಗೆಯ ಹಲ್ಲಿನಂತೆ ಸಾಲುಗಟ್ಟಿದ್ದರೆ ಪ್ಲಾಟಿನೆರಿಸ್. ಬಾಯಿಯ ಉಂಗುರ ಪೂರ್ತಿ ಬೋಳಾಗಿದ್ದರೆ ಸೆರಟೊನೆರಿಸ್ ಮತ್ತು ಅದರಿಂದ ಮುಂದೆ ಬೇರ್ಪಟ್ಟ ಜಾತಿಗಳು. ಎರಡೂ ಉಂಗುರಗಳಲ್ಲಿ ಶಂಕುಗಳಿದ್ದರೆ ನೆರಿಸ್ ಅಥವಾ ನಿಯಾಂಥಿಸ್, ತೀರ್ಮಾನ ಬಿರುಗೂದಲಿನದು.

ಒಂದು ಬದಿಯಿಂದ ಮೂರು ಪ್ಯಾರಾಪೋಡಿಯಾ ಬುಡಸಮೇತ ತೆಗೆಯಿರಿ: ಮುಂಭಾಗದಿಂದ ಒಂದು, ನಡುವಿನಿಂದ ಒಂದು, ಹಿಂಭಾಗದಿಂದ ಒಂದು. ಇನ್ನೊಂದು ಬದಿ ಮುಟ್ಟದೆ ಬಿಡಿ, ನಿಮ್ಮ ನಂತರ ನೋಡುವವರಿಗೆ ಅದು ಬೇಕು. ಗಾಜಿನ ಪಟ್ಟಿಯ ಮೇಲೆ ಗ್ಲಿಸರಿನ್ ಹನಿಯಲ್ಲಿಟ್ಟು ಮುಚ್ಚುಗಾಜು ಹಾಕಿ, 100 ಪಟ್ಟಿನಲ್ಲಿ ಆಕಾರ ನೋಡಿ, 400 ಪಟ್ಟಿನಲ್ಲಿ ಬಿರುಗೂದಲು. ಕೀಲಿನ ಎರಡು ಚಾಚುಗಳು ಸಮವಾಗಿದ್ದರೆ ಹೋಮೊಗಾಂಫ್, ಒಂದು ಉದ್ದವಾಗಿದ್ದರೆ ಹೆಟೆರೊಗಾಂಫ್. ಕೀಲಿನ ಮೇಲಿನ ಅಲಗು ಉದ್ದವಾಗಿ ಮೊನಚಾಗಿದ್ದರೆ ಸ್ಪಿನಿಜರ್, ಗಿಡ್ಡವಾಗಿ ತುದಿ ಬಾಗಿದ್ದರೆ ಫಾಲ್ಸಿಜರ್. ಹಿಂಭಾಗದ ಕಾಲಿನ ಮೇಲಿನ ಕವಲಿನಲ್ಲಿ ಹೋಮೊಗಾಂಫ್ ಫಾಲ್ಸಿಜರ್ ಇದ್ದರೆ ನೆರಿಸ್, ಇಲ್ಲದಿದ್ದರೆ ನಿಯಾಂಥಿಸ್. ಹಿಂಭಾಗ ಕಳೆದುಹೋದ ಹುಳುವಿನಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಅಂಥದ್ದನ್ನು ನೆರೀಡಿಡೆ ಎಂದಷ್ಟೇ ಬರೆದು ಬಿಡಬೇಕು.

ದಾರಿ ತಪ್ಪಿಸುವ ಮೂರು ಸಂಗತಿಗಳು

ಒಂದು, ಸಂತಾನೋತ್ಪತ್ತಿಯ ವೇಷ. ಪ್ರೌಢ ನೆರೀಡಿಡೆಗಳು ಈಜಲು ಹೊರಡುವ ಮುನ್ನ ಕಣ್ಣು ದೊಡ್ಡದಾಗಿ, ನಡು ಮತ್ತು ಹಿಂಭಾಗದ ಕಾಲುಗಳು ಎಲೆಗಳಾಗಿ, ಬಿರುಗೂದಲು ದೋಣಿಯ ಹುಟ್ಟಿನಾಕಾರ ತಾಳುತ್ತದೆ. ಈ ರೂಪವನ್ನು 1843ರಲ್ಲಿ ಹೆಟೆರೊನೆರಿಸ್ ಎಂಬ ಬೇರೆಯೇ ಜಾತಿಯಾಗಿ ಹೆಸರಿಸಿದ್ದರು. ಸಿಲಿಡೆಯ ಒಂದು ಗುಂಪಿನಲ್ಲಿ ಗಂಡು ಪಾಲಿಬಾಸ್ಟ್ರಿಕಸ್ ಆಗಿ, ಹೆಣ್ಣು ಸ್ಯಾಕೊನೆರಿಸ್ ಆಗಿ ಎರಡು ಜಾತಿಗಳಾಗಿದ್ದವು. ಇಂಥ ಹುಳು ಸಿಕ್ಕರೆ ಮುಂಭಾಗದ ಬದಲಾಗದ ಕಾಲುಗಳನ್ನೂ ಗಂಟಲಿನ ಕಣಗಳನ್ನೂ ಮಾತ್ರ ನಂಬಿ.

ಎರಡು, ಎಳೆತನ. ಕ್ಯಾಪಿಟೆಲಿಡೆಯಲ್ಲಿ ಜಾತಿ ತೀರ್ಮಾನವಾಗುವುದು ಎಷ್ಟು ಮುಂಗಡೆಯ ಕೀಟಿಜರ್‌ಗಳಲ್ಲಿ ಕೂದಲಿನಂಥ ಬಿರುಗೂದಲಿದೆ, ಎಲ್ಲಿಂದ ಕೊಕ್ಕೆ ಶುರು ಎಂಬುದರ ಮೇಲೆ. ಮೀಡಿಯೊಮ್ಯಾಸ್ಟಸ್‌ನಲ್ಲಿ ಮೊದಲ ನಾಲ್ಕು, ಹೆಟೆರೊಮ್ಯಾಸ್ಟಸ್‌ನಲ್ಲಿ ಮೊದಲ ಐದು. ಬೆಳೆಯುತ್ತ ಕೊಕ್ಕೆಗಳ ಜಾಗದಲ್ಲಿ ಕೂದಲಿನಂಥವು ಬರುವುದರಿಂದ ಮರಿಯನ್ನು ಎಣಿಸಿದರೆ ತಪ್ಪು ಜಾತಿ ಸಿಗುತ್ತದೆ. ಯೂನಿಸಿಡೆಯಲ್ಲಿ ಕಿವಿರಿನ ಎಳೆಗಳ ಸಂಖ್ಯೆಯೂ ಮೈಗಾತ್ರದ ಜೊತೆ ಏರುತ್ತದೆ. ಒಂದೇ ಹುಳು ನೋಡಿ ಮುಗಿಸದೆ, ಅದೇ ಜಾಗದ ಬೇರೆ ಬೇರೆ ಗಾತ್ರದವನ್ನು ಸಾಲಾಗಿಟ್ಟು ನೋಡಿ.

ಮೂರು, ಎಲ್ಲೆಡೆಯೂ ಸಿಗುವ ಹೆಸರುಗಳು. ಇದರ ಬಗ್ಗೆ ಕಟ್ಟುನಿಟ್ಟಾಗಿರಲೇಬೇಕು. ಯುರೋಪಿನ ಹುಳುಗಳಿಗೆ ಇಟ್ಟ ಹೆಸರುಗಳನ್ನು ಲೋಕದ ಎಲ್ಲ ಕಡಲುಗಳ ಪಟ್ಟಿಗೂ ಅಂಟಿಸಿದ ಕಾಲ ದೀರ್ಘವಾಗಿತ್ತು. ಮಾರ್ಫಿಸಾ ಸಾಂಗ್ವಿನಿಯಾ ಪ್ರಭೇದವನ್ನು 1813ರಲ್ಲಿ ಇಂಗ್ಲೆಂಡಿನ ಡೆವನ್ ತೀರದ ಹುಳುವಿಗೆ ಹೆಸರಿಸಲಾಯಿತು. ಮುಂದೆ ಅದನ್ನು ಭೂಗೋಳದ ಸುತ್ತ ಗುರುತಿಸಿದರು. 2003ರಲ್ಲಿ ಅದಕ್ಕೆ ನಿಯೊಟೈಪ್ (ಮೂಲ ಮಾದರಿಯ ಬದಲಿಗೆ ಆರಿಸಿದ ಹೊಸ ಮಾದರಿ ಹುಳು) ಗೊತ್ತುಮಾಡಿ ಮರುವಿವರಿಸಿದಾಗ, ಆಸ್ಟ್ರೇಲಿಯಾದ್ದು ಬೇರೆಯೇ ಪ್ರಭೇದವೆಂದು ತಿಳಿದು ಮಾರ್ಫಿಸಾ ಮುಲ್ಲಾವಾ ಎಂಬ ಹೆಸರು ಬಂತು. ಕ್ಯಾಪಿಟೆಲಾ ಕ್ಯಾಪಿಟಾಟಾ ಎನ್ನುವ ಒಂದೇ ಹೆಸರಿನಡಿ ಹೊರನೋಟಕ್ಕೆ ಒಂದೇ ಥರ ಕಾಣುವ ಹಲವು ಅವಳಿ ಪ್ರಭೇದಗಳಿರುವುದನ್ನು ಗ್ರಾಸಲ್ ದಂಪತಿ 1976ರಲ್ಲೇ ಕಿಣ್ವಗಳ ಹೋಲಿಕೆಯಿಂದ ತೋರಿಸಿದ್ದರು. ಹಾಗಾಗಿ ಕೀಲಿ ಪಟ್ಟಿ ನಿಮ್ಮನ್ನು ಒಂದು ಹೆಸರಿಗೆ ತಂದು ನಿಲ್ಲಿಸಿದಾಗ ಮೊದಲು ಕೇಳಬೇಕಾದ್ದು: ಈ ಪ್ರಭೇದದ ಮೂಲ ಸಂಗ್ರಹಸ್ಥಳ ಎಲ್ಲಿ? ನಿಮ್ಮ ಜಾಗದಿಂದ ಅದು ಬೇರೊಂದು ಸಾಗರದಲ್ಲಿದ್ದರೆ ಹೆಸರನ್ನು ಅನುಮಾನಿಸಿ, ಮೂಲ ವಿವರಣೆಯೊಂದಿಗೆ ಸಾಲು ಸಾಲಾಗಿ ಹೋಲಿಸಿ.

ಹಂತ 6: ಹೆಸರು ಬರೆಯುವುದು

ಮೂಲ ವಿವರಣೆಗೆ ಎಲ್ಲ ಲಕ್ಷಣಗಳೂ ಹೊಂದಿದರೆ ಪೂರ್ತಿ ಹೆಸರು. ಹತ್ತಿರವಿದ್ದೂ ಖಚಿತವಿಲ್ಲದಿದ್ದರೆ ಜಾತಿ ಮತ್ತು ಪ್ರಭೇದದ ನಡುವೆ ಹೋಲಿಕೆಯ ಗುರುತಾದ ಸಿಎಫ್ (cf.). ಸಂಬಂಧಿ ಆದರೆ ಬೇರೆಯೇ ಎನ್ನಿಸಿದರೆ ಅಫ್ (aff.). ಏನೂ ಹೊಂದದಿದ್ದರೆ ಜಾತಿಯ ಹೆಸರಿನ ನಂತರ ಎಸ್‌ಪಿ (sp.) ಮತ್ತು ನಿಮ್ಮ ಕ್ರಮಸಂಖ್ಯೆ. ಪೆರಿನೆರಿಸ್ ಕಲ್ಟ್ರಿಫೆರಾ (ಗ್ರೂಬೆ, 1840) ಎಂಬಲ್ಲಿ ಆವರಣಚಿಹ್ನೆಗೆ ಅರ್ಥವಿದೆ: ಗ್ರೂಬೆ ಇದನ್ನು ಮೊದಲು ಬೇರೆ ಜಾತಿಯಲ್ಲಿ, ನೆರಿಸ್‌ನಲ್ಲಿ ಇಟ್ಟಿದ್ದರು. ಅದನ್ನು ಅಂದಕ್ಕಾಗಿ ಹಾಕುವುದೂ ಬಿಡುವುದೂ ತಪ್ಪು.

ಹೊಸ ಪ್ರಭೇದವೆಂದು ಪ್ರಕಟಿಸುವುದಾದರೆ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೇ ಆವೃತ್ತಿ ಅನ್ವಯ. ಅದು 2000ದ ಜನವರಿ 1ರಿಂದ ಜಾರಿಯಲ್ಲಿದೆ. ಹೋಲೋಟೈಪ್ (ಹೆಸರಿಗೆ ಆಧಾರವಾಗುವ ಮಾದರಿ ಹುಳು) ಒಂದನ್ನು ಗೊತ್ತುಮಾಡಿ ಅದನ್ನು ಇಡುವ ಸಂಗ್ರಹಾಲಯವನ್ನು ಹೇಳಬೇಕು. 2012ರ ತಿದ್ದುಪಡಿಯಿಂದ ಆನ್‌ಲೈನ್ ಪ್ರಕಟಣೆಯೂ ನಡೆಯುತ್ತದೆ, ಆದರೆ ಅದನ್ನು ಪ್ರಾಣಿಗಳ ಹೆಸರುಗಳ ಆನ್‌ಲೈನ್ ನೋಂದಣಿಯಾದ ಜೂಬ್ಯಾಂಕ್‌ನಲ್ಲಿ ನೋಂದಾಯಿಸಿರಬೇಕು.

ಡಿಎನ್‌ಎ ಸಾಲು ಜೊತೆಗಿದ್ದರೆ ಬಲ. ಸಿಒಐ ಜೀನಿನ ಸುಮಾರು 658 ಅಕ್ಷರಗಳ ತುಣುಕನ್ನು ಸಾಮಾನ್ಯವಾಗಿ ಬಳಸುತ್ತಾರೆ. 1994ರಿಂದ ಎಲ್ಲರೂ ಬಳಸುವ ಪ್ರೈಮರ್‌ಗಳು (ಆ ತುಣುಕನ್ನು ನಕಲಿಸಲು ಬೇಕಾದ ಚಿಕ್ಕ ಡಿಎನ್‌ಎ ಎಳೆಗಳು) ಪಾಲಿಕೀಟ್‌ಗಳಲ್ಲಿ ಆಗಾಗ ಕೈಕೊಡುತ್ತವೆ. ಆಗ ಪಾಲಿಕೀಟ್‌ಗಳಿಗೆಂದೇ ರೂಪಿಸಿದ ಪ್ರೈಮರ್‌ಗಳನ್ನೋ 16ಎಸ್ ಜೀನನ್ನೋ ಪ್ರಯತ್ನಿಸಿ. ಸಾರ್ವಜನಿಕ ಕೋಶದಲ್ಲಿ ಹೊಂದಿಕೆಯಾದ ಹೆಸರನ್ನು ಕಣ್ಣುಮುಚ್ಚಿ ಒಪ್ಪಬೇಡಿ: ಆ ಸಾಲು ಯಾವ ತೀರದ ಹುಳುವಿನದು, ದೇಹವನ್ನು ಉಳಿಸಿಟ್ಟಿದ್ದಾರೆಯೇ ಎಂದು ನೋಡಿ.

ಕೊನೆಗೆ ಚೀಟಿ. ಸ್ಥಳ, ಅಕ್ಷಾಂಶ ರೇಖಾಂಶ, ಆಳ, ತಳದ ಬಗೆ, ದಿನಾಂಕ, ಸಂಗ್ರಾಹಕರು, ಬಳಸಿದ ದ್ರಾವಣ, ಇವನ್ನು ಪೆನ್ಸಿಲ್‌ನಲ್ಲಿ ಆಮ್ಲರಹಿತ ದಪ್ಪ ಕಾಗದದ ಮೇಲೆ ಬರೆದು ಬಾಟಲಿಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಎಥೆನಾಲ್‌ನಲ್ಲಿ ಕರಗುತ್ತದೆ, ಹೊರಗೆ ಅಂಟಿಸಿದ ಚೀಟಿ ಕಳಚಿಬೀಳುತ್ತದೆ. ಕತ್ತರಿಸಿದ ಪ್ಯಾರಾಪೋಡಿಯಾ, ಬಿಡಿಸಿದ ದವಡೆ, ಡಿಎನ್‌ಎಗೆ ತೆಗೆದ ತುಂಡು, ಫೋಟೊ, ಎಲ್ಲಕ್ಕೂ ದೇಹಕ್ಕಿರುವ ಅದೇ ಸಂಖ್ಯೆ ಕೊಡಿ. ಹೆಸರಿನ ಚೀಟಿಯಲ್ಲಿ ಗುರುತಿಸಿದವರು ಮತ್ತು ವರ್ಷ ಇರಲಿ. ಹೆಸರು ಮುಂದೆ ಬದಲಾದರೆ ಹಳೆಯ ಚೀಟಿಯನ್ನು ಎಸೆಯದೆ ಹೊಸದನ್ನು ಅದರ ಜೊತೆಗೆ ಸೇರಿಸಿ.